ಕಾಲೆತ್ತುವವರ ಮನೆಗೊಂದು ಯಂತ್ರ

"ಅಲ್ಲಾಡಬೇಡಿ! ಒಂದು ಹೆಜ್ಜೆನೂ ಇಡಬೇಡಿ!"

ಅಂಗಡಿಯ ಆ ತುದಿಯಿಂದ ಬಂದ ಕೂಗಿಗೆ ಅವಳು ನಿಂತಲ್ಲೇ ಕಲ್ಲಾದಳು. ಅವಳು ನಿಂತಳು, ಅವಳ ಶಾಲು ನಿಲ್ಲಲಿಲ್ಲ. ಹೆಗಲ ಮೇಲಿಂದ ಸರಸರನೆ ಜಾರಿ ಇಳಿಯುತ್ತಿತ್ತು... ಯಾರೋ ಕೆಳಗಿನಿಂದ ಹಿಡಿದೆಳೆಯುವ ಹಾಗೆ!

ನೋಡಿದರೆ, ದೊಡ್ಡ ಪಾತ್ರೆಯ ಮುಚ್ಚಳದಂಥ ದುಂಡಗಿನ ಕಪ್ಪು ಯಂತ್ರವೊಂದು ಅವಳ ಕಾಲ ಬಳಿ ಗುರುಗುಡುತ್ತ ಶಾಲಿನ ಅಂಚನ್ನು ನುಂಗುತ್ತಿತ್ತು.

ಓಡಿ ಬಂದವನು ಧಡಕ್ಕನೆ ಮಂಡಿಯೂರಿದ. ಯಂತ್ರದ ನೆತ್ತಿ ಒತ್ತಿದ. ಸದ್ದು ನಿಂತಿತು.

"ಕತ್ತರಿ ತಗೊಂಡು ಕತ್ತರಿಸಿಬಿಡಯ್ಯ, ಗಿರಾಕಿಗಳು ಕಾಯ್ತಾ ಇದಾರೆ," ಎಂದ ಗಲ್ಲಾದ ಹಿಂದಿದ್ದ ಮ್ಯಾನೇಜರು.

"ಕತ್ತರಿಸೋಕೆ ಅದೇನು ನಮ್ಮ ಶಾಲಾ ಸಾರ್?"

ಅವನು ಯಂತ್ರವನ್ನು ಬೋರಲು ಹಾಕಿ, ಬ್ರಷ್ಷಿಗೆ ಸುತ್ತಿಕೊಂಡ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅವಸರವೇ ಇಲ್ಲ. ಶಾಲಿನ ಇನ್ನೊಂದು ತುದಿ ಅವಳ ಕೈಯಲ್ಲಿ. ಅವನ ಬೆರಳು ಅಲ್ಲಿ ಎಳೆದರೆ ಇಲ್ಲಿ ಅವಳ ಬೆರಳಿಗೆ ಸಣ್ಣ ಸೆಳೆತ... ಅವಳ ಎದೆ ಯಾಕೋ ತಾಳ ತಪ್ಪಿತು.

'ಏನಾಗಿದೆ ನಂಗೆ? ಶಾಲು ಸಿಕ್ಕಿಕೊಂಡಿದೆ ಅಷ್ಟೇ!'

ಶಾಲು ಬಿಡಿಸಿಕೊಟ್ಟು ಅವನು ಮೇಜು ಹಿಡಿದು ಎದ್ದ. ಮಂಡಿ ಟಕ್ ಎಂದಿತು.

"ಎಡ ಮಂಡಿ," ಎಂದಳು ಅವಳು ತಟ್ಟನೆ.

"ಏನಂದ್ರಿ?"

"ನಿಮ್ಮ ಎಡ ಮಂಡಿ ಸರಿಯಿಲ್ಲ. ಹಾಗೆ ಧಡಕ್ ಅಂತ ಊರಬಾರ್ದು. ಏಳೋವಾಗ ಮೊದಲು ಬಲಗಾಲು ಮುಂದಿಟ್ಟು, ತೊಡೆ ಮೇಲೆ ಕೈ ಕೊಟ್ಟು ಏಳ್ಬೇಕು. ನಾನು ಫಿಸಿಯೋಥೆರಪಿಸ್ಟು. ಮಂಡಿ ಸದ್ದು ಕೇಳಿದ್ರೆ ಸುಮ್ಮನಿರೋಕಾಗಲ್ಲ."

ಅವನು ನಕ್ಕ. "ದಿನವಿಡೀ ಇದರ ಹಿಂದೆ ಮಂಡಿ ಊರೋದೇ ನನ್ನ ಕೆಲಸ ಮೇಡಂ. ಜನಕ್ಕೆ ತೋರಿಸ್ಬೇಕು, ಕೆಟ್ಟರೆ ರಿಪೇರಿ ಮಾಡ್ಬೇಕು. ನಿಮಗೇನು ಬೇಕಿತ್ತು?"

"ಇದೇ. ಇದು ನಿಜವಾಗ್ಲೂ ಮನೆ ಗುಡಿಸುತ್ತಾ?"

"ನಿಮ್ಮನೇಲಿ ನೆಲದ ಮೇಲೆ ಏನೇನಿರುತ್ತೆ?"

ಅವಳು ಯೋಚಿಸದೆ ಹೇಳುತ್ತ ಹೋದಳು. ಅಪ್ಪನ ಕುರ್ಚಿಯ ಕೆಳಗೆ ಪೇಪರಿನ ರಾಶಿ, ತಮ್ಮನ ಸಾಕ್ಸು, ಡಂಬೆಲ್ಲು, ಚಾರ್ಜರಿನ ವೈರು, ಒದ್ದೆ ಟವೆಲ್ಲು, ಮಂಚದಡಿ ಕಾಫಿ ಕಪ್ಪು...

"ಹಾಗಾದ್ರೆ ಬೇಡ," ಎಂದ ಅವನು.

"ಬೇಡ?"

"ತಗೋಬೇಡಿ. ನಿಮ್ಮ ಮನೆಗೆ ಇದು ಆಗಲ್ಲ."

ಮ್ಯಾನೇಜರು ಕೆಮ್ಮಿದ. ಅವಳ ಮುಖ ಕೆಂಪೇರಿತು. ನಿಮ್ಮ ಮನೆ! ಹಳೇ ಶಾಲು, ಸವೆದ ಚಪ್ಪಲಿ ನೋಡಿ ಅಳೆದುಬಿಟ್ಟನಾ?

"ನಮ್ಮನೆಗೆ ಏನಾಗುತ್ತೆ ಏನಾಗಲ್ಲ ಅಂತ ಹೇಳೋಕೆ ನೀವ್ಯಾರ್ರೀ? ಒಂದು ವಾರ ಮನೇಲಿಟ್ಟು ನೋಡಿ ಅಂತ ಬಾಗಿಲಲ್ಲಿ ಇಷ್ಟು ದೊಡ್ಡದಾಗಿ ಬರೆದಿದೀರಲ್ಲ, ಅದು ಅಂದಕ್ಕಾ? ನಾಳೆ ಬೆಳಿಗ್ಗೆ ತಂದು ಹಾಕಿ!"

ಹೊರಗೆ ಬಂದು ಬೀದಿಯ ತಿರುವಿನವರೆಗೂ ಧುಮುಧುಮು ನಡೆದಳು. 'ಬೇಡವಂತೆ! ಬೇಡಪ್ಪ! ಇವನಿಗೆ ಇದೇ ಸರಿಯಾದ ಹೆಸರು...'

ಆದರೆ ಬೆರಳ ತುದಿಯಲ್ಲಿ ಆ ಸೆಳೆತ ಇನ್ನೂ ಇತ್ತು.

*

ಅವಳಿಗೂ ಮನೆಯಲ್ಲೊಂದು ಅಡ್ಡಹೆಸರಿತ್ತು. ಬುಗುರಿ. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು ಎಂದು ಅಪ್ಪ ಇಟ್ಟದ್ದು. ಬುಗುರಿಗೆ ದಾರ ಸುತ್ತಿ ಎಸೆಯುವ ಕೈ ಯಾರದು ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಪ್ಪ ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಓಡಿಸುವುದು ಟಿವಿಯ ರಿಮೋಟನ್ನು ಮಾತ್ರ. ತಮ್ಮ ಜಿಮ್ಮಿನಲ್ಲಿ ತರಬೇತುದಾರ. ತನ್ನ ತೂಕದಷ್ಟೇ ಕಬ್ಬಿಣವನ್ನು ತಲೆಯ ಮೇಲೆತ್ತುವ ಹುಡುಗನಿಗೆ ತನ್ನ ಸಾಕ್ಸನ್ನು ನೆಲದಿಂದೆತ್ತಲು ತೋಳಲ್ಲಿ ಬಲವಿಲ್ಲ. ಅಮ್ಮ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು, ಬಂದು ಮನೆಯಲ್ಲೂ ದುಡಿದು, ಕೊನೆಗೆ ಬೆನ್ನುಮೂಳೆಯ ಆಪರೇಷನ್ನಿಗೆ ಮಲಗಿದಳು. ಇನ್ನು ಬಗ್ಗಿದರೆ ಆ ಬೆನ್ನು ಉಳಿಯುವುದಿಲ್ಲ ಎಂದರು ಡಾಕ್ಟರು.

ಅಮ್ಮ ಬಗ್ಗುವಂತಿಲ್ಲ. ಅಪ್ಪ ಬಗ್ಗುವುದಿಲ್ಲ. ತಮ್ಮನಿಗೆ ಬಗ್ಗುವುದು ಗೊತ್ತೇ ಇಲ್ಲ. ಉಳಿದವಳು ಬುಗುರಿ.

ಕೆಲಸಕ್ಕೆಂದು ಬಂದ ಹೆಂಗಸರೂ ಈ ಮನೆಯಲ್ಲಿ ನಿಲ್ಲಲಿಲ್ಲ. "ಅಲ್ಲಿ ಬಿಟ್ಟೆ ನೋಡು," ಎಂದು ಕೂತಲ್ಲಿಂದಲೇ ಬೆರಳು ತೋರಿಸುವವರ ಮನೆಯಲ್ಲಿ ಯಾರು ನಿಲ್ಲುತ್ತಾರೆ? ಕೊನೆಯವಳಂತೂ ಪೊರಕೆಯನ್ನು ಅಪ್ಪನ ಮಡಿಲಲ್ಲೇ ಇಟ್ಟು ಹೊರಟುಹೋದಳು. ಅಮ್ಮ ಅದನ್ನು ನೆನೆಸಿಕೊಂಡು ಈಗಲೂ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಮತ್ತೆ ಆ ಕಾಲೆತ್ತುವುದು! ಆ ಒಂದು ಸನ್ನೆಯಲ್ಲಿ ಎಷ್ಟು ಅಧಿಕಾರವಿದೆ ನೋಡಿ. ಪೊರಕೆ ಹತ್ತಿರ ಬಂದಾಗ ಕೂತವರು ಏಳುವುದಿಲ್ಲ, ಕುರ್ಚಿ ಸರಿಸುವುದಿಲ್ಲ, ಕಣ್ಣು ಟಿವಿಯಿಂದ ಕದಲುವುದಿಲ್ಲ. ಎರಡು ಪಾದ ಮಾತ್ರ ಗಾಳಿಯಲ್ಲಿ ಮೇಲೇರುತ್ತವೆ. ಕೆಳಗೆ ಒಬ್ಬಳು ಬಗ್ಗಿಕೊಂಡು ದಾಟಿಹೋಗುತ್ತಾಳೆ. ಪಾದಗಳು ಮತ್ತೆ ಇಳಿಯುತ್ತವೆ. ಸಿಂಹಾಸನದ ಮೇಲೆ ಕೂತವರು ಇದಕ್ಕಿಂತ ಹೆಚ್ಚೇನು ಮಾಡಿದ್ದಾರೆ?

ಅಂಥ ಮನೆಗೆ ಒಂದು ಸುದ್ದಿ ಬಂದಿತ್ತು. ಬುಗುರಿ ಕೆಲಸ ಮಾಡುವ ಕ್ಲಿನಿಕ್ಕಿನ ಹಿರಿಯ ಡಾಕ್ಟರಮ್ಮ ಅವಳಿಗಾಗಿ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ ಹಿಡಿದಿಟ್ಟಿದ್ದರು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರನ್ನು ಮತ್ತೆ ನಡೆಸುವ ವಿದ್ಯೆ. ಅವಳು ಓದಿದ್ದೇ ಅದಕ್ಕಾಗಿ! ಬರುತ್ತೇನೆಂದು ಸೋಮವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ.

"ನೀನು ಹೋದ್ರೆ ಮನೆ ಯಾರು ನೋಡ್ಕೋತಾರೆ?" ಎಂದಿದ್ದರು ಅಪ್ಪ.

"ಅದಕ್ಕೆ ಮಷೀನ್ ಬಂದಿದೆ ಅಪ್ಪಾ," ಎಂದು ತಮ್ಮ ಫೋನು ಮುಂದೆ ಹಿಡಿದಿದ್ದ. "ತಾನೇ ಗುಡಿಸಿ, ತಾನೇ ಹೋಗಿ ಚಾರ್ಜಿಗೆ ನಿಂತ್ಕೊಳ್ಳುತ್ತೆ. ಅಕ್ಕನ ಥರ ಗೊಣಗೋದೂ ಇಲ್ಲ!"

ಅಪ್ಪ ತೀರ್ಪು ಕೊಟ್ಟರು. "ಒಂದು ವಾರ ಇಟ್ಟು ನೋಡೋಣ. ಗಾಡಿ ಮನೇನ ಕ್ಲೀನಾಗಿ ಇಟ್ಟರೆ ನೀನು ಹೊರಡು. ಇಲ್ಲಾಂದ್ರೆ ಇಲ್ಲೇ ಇರು. ನಿಮ್ಮಮ್ಮನ ಬೆನ್ನು ನಿನಗೇ ಗೊತ್ತಲ್ಲ."

ಗೊತ್ತಿತ್ತು. ಅದೇ ಅವಳ ಕುತ್ತಿಗೆಗೆ ಬಿದ್ದಿದ್ದ ಹಗ್ಗ. ಸಂಬಳ ತರುವ ಹೆಣ್ಣಿಗೂ ಮನೆಯ ಹೊರಗೆ ಕಾಲಿಡಲು ಪೊರಕೆಯ ಅಪ್ಪಣೆ ಬೇಕು!

*

ಬೇಡಪ್ಪ ಮರುದಿನ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಂದ. ನಡುಮನೆಯಲ್ಲಿ ಯಂತ್ರ ಇಳಿಸಿ ಸುತ್ತ ಕಣ್ಣಾಡಿಸಿದ. ತಮ್ಮನ ಡಂಬೆಲ್ಲು, ಟವೆಲ್ಲು, ಅಪ್ಪನ ಪೇಪರು...

"ಇವನ್ನೆಲ್ಲ ತೆಗೀಬೇಕಲ್ಲ ಸಾರ್."

"ನೀವ್ಯಾಕೆ ತಲೆ ಕೆಡಿಸ್ಕೋತೀರಿ? ಅವಳು ತೆಗೀತಾಳೆ," ಎಂದರು ಅಪ್ಪ. "ಬುಗುರೀ..."

ಅವಳು ಆಗಲೇ ಬಗ್ಗಿದ್ದಳು. ಅವನೂ ಬಗ್ಗಿದ. ಮಂಚದ ಆ ಕಡೆ ಅವನು, ಈ ಕಡೆ ಅವಳು. ಮಂಚದಡಿಯ ಕತ್ತಲಲ್ಲಿ ಇಬ್ಬರ ಕೈಯೂ ಒಂದೇ ಕಾಫಿ ಕಪ್ಪನ್ನು ಹಿಡಿದವು.

"ಬಲಗಾಲು ಮೊದಲು... ಸರೀನಾ?" ಪಿಸುಗುಟ್ಟುತ್ತ, ಅವಳು ಹೇಳಿಕೊಟ್ಟಂತೆಯೇ ತೊಡೆಗೆ ಕೈಕೊಟ್ಟು ಎದ್ದ. ಮಂಡಿ ಸದ್ದು ಮಾಡಲಿಲ್ಲ!

ಬಂದ ನಗುವನ್ನು ಅವಳು ಕಪ್ಪು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೊತ್ತೊಯ್ದಳು.

ಯಂತ್ರ ಗುರುಗುಟ್ಟಿ ಹೊರಟಿತು. ಗೋಡೆಗೆ ಮುಟ್ಟಿ ತಿರುಗಿತು, ಕುರ್ಚಿ ಸುತ್ತಿತು. ಅಪ್ಪನ ಕಣ್ಣರಳಿತು. "ಅರೆರೇ! ಸ್ಟೇರಿಂಗ್ ಇಲ್ದೆ ಎಂಥಾ ಟರ್ನಿಂಗು!"

"ಅಕ್ಕನ ಥರಾನೇ ಸುತ್ತುತ್ತೆ," ಎಂದ ತಮ್ಮ. "ಅಪ್ಪಾ, ಇದಕ್ಕೆ ಚಿಕ್ಕ ಬುಗುರಿ ಅಂತ ಹೆಸರಿಡೋಣ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಒಳಗೇನೋ ಚುರ್ ಎಂದಿತು... ತನ್ನ ಹೆಸರು ಇಷ್ಟು ಸಲೀಸಾಗಿ ಒಂದು ಯಂತ್ರಕ್ಕೆ ಹೊಂದಿಬಿಟ್ಟಿತೇ?

ಬೇಡಪ್ಪ ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

*

ಮೊದಲ ದಿನವೇ ಚಿಕ್ಕ ಬುಗುರಿ ಸಾಕ್ಸು ನುಂಗಿ ನಿಂತಿತು. ಅವಳು ಕ್ಲಿನಿಕ್ಕಿನಿಂದ ಬಂದಾಗ ಅರ್ಧ ಮನೆ ಹಾಗೇ ಇತ್ತು.

"ಇದು ಆಗೋ ಹೋಗೋ ಮಾತಲ್ಲ," ಎಂದು ತಲೆಯಾಡಿಸಿದರು ಅಪ್ಪ.

'ಇಲ್ಲ... ಇದು ಸೋಲಬಾರದು. ಇದು ಸೋತರೆ ನಾನು ಇಲ್ಲೇ!'

ಮರುದಿನದಿಂದ ಅವಳು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ, ಆಮೇಲೆ ಅಳುತ್ತೀರಿ. ಬೆಳಕು ಹರಿಯುವ ಮುಂಚೆ ಎದ್ದು, ಸದ್ದಾಗದಂತೆ ಮನೆಯಿಡೀ ತಾನೇ ಗುಡಿಸಿದಳು! ಮಂಚದಡಿ, ಕುರ್ಚಿಯಡಿ, ಬಾಗಿಲ ಸಂದಿ. ಸಾಕ್ಸು ಎತ್ತಿಟ್ಟಳು, ವೈರು ಸುತ್ತಿಟ್ಟಳು. ಆಮೇಲೆ ಯಂತ್ರದ ಗುಂಡಿ ಒತ್ತಿ, ಏನೂ ಗೊತ್ತಿಲ್ಲದವಳಂತೆ ಸ್ನಾನಕ್ಕೆ ಹೋದಳು. ಎಲ್ಲರೂ ಎದ್ದು ಬರುವಾಗ ಚಿಕ್ಕ ಬುಗುರಿ ಫಳಫಳ ಹೊಳೆಯುವ ನೆಲದ ಮೇಲೆ ಠೀವಿಯಿಂದ ತಿರುಗುತ್ತಿತ್ತು.

"ಭೇಷ್! ಗಾಡಿ ಪಳಗ್ತು ನೋಡು," ಎಂದರು ಅಪ್ಪ.

ಬಿಡುಗಡೆಗಾಗಿ ಎರಡು ಪಟ್ಟು ದುಡಿಯುವುದು! ತನ್ನ ಬದಲಿಗೆ ಬಂದ ಯಂತ್ರದ ಕೆಲಸವನ್ನೂ ತಾನೇ ಮಾಡುವುದು! ಅವಳಿಗೂ ಅದು ಹುಚ್ಚೆಂದು ಗೊತ್ತಿತ್ತು. ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿಯ ಸೊಂಟ ಒತ್ತುತ್ತ, "ಬಗ್ಗಿ ಕೆಲಸ ಮಾಡ್ಬೇಡಿ ಅಜ್ಜೀ," ಎನ್ನುವಾಗ ತನ್ನದೇ ಸೊಂಟ ಚಳಕ್ಕೆಂದಿತು. ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬೆರಳುಗಳು ಮುಂದಿನ ಕಂಬಿಯ ಧೂಳನ್ನು ಒರೆಸುತ್ತಲೇ ಇದ್ದವು.

ಇದರ ನಡುವೆ ಬೇಡಪ್ಪ ದಿನಾ ಸಂಜೆ ಫೋನು ಮಾಡುತ್ತಿದ್ದ.

"ಹೇಗಿದೆ ಮೇಡಂ?"

"ಚೆನ್ನಾಗಿದೆ. ನೀವೇ ಬೇಡ ಅಂದಿದ್ದು!"

"ನಾನು ಕೇಳಿದ್ದು ಯಂತ್ರದ ಬಗ್ಗೆ ಅಲ್ಲ... ನೀವು ಹೇಗಿದೀರಿ?"

ಎಷ್ಟು ದಿನವಾಗಿತ್ತು ಯಾರಾದರೂ ಹಾಗೆ ಕೇಳಿ! ಅವಳು "ನಿಮ್ಮ ಮಂಡಿ ಹೇಗಿದೆ?" ಎಂದು ಮಾತು ತಿರುಗಿಸಿದಳು. ಆಮೇಲೆ ಮಂಡಿಯ ಮಾತು, ಮ್ಯಾನೇಜರಿನ ಬೈಗುಳದ ಮಾತು, ಏನೇನೋ ಮಾತು. ಒಂದು ಸಂಜೆ ತರಬೇತಿಯ ಕನಸನ್ನೂ ಹೇಳಿಬಿಟ್ಟಳು. ಅಪ್ಪನ ಶರತ್ತನ್ನೂ.

ಆ ಕಡೆ ಸ್ಕ್ರೂ ತಿರುಗಿಸುವ ಸದ್ದು ನಿಂತಿತು.

"ಹಲೋ? ಇದೀರಾ?"

"ಇದೀನಿ... ನಾಳೆ ಸರ್ವೀಸಿಗೆ ಬರ್ತೀನಿ," ಎಂದ.

*

ಬಂದವನು ಯಂತ್ರದ ಕಸದ ಡಬ್ಬಿಯನ್ನು ಹೊರಗೆಳೆದು ಪೇಪರಿನ ಮೇಲೆ ಕೊಡವಿದ. ಬಿದ್ದದ್ದು ಎರಡು ಕೂದಲು, ಚಿಟಿಕೆ ಧೂಳು.

ತಲೆಯೆತ್ತಿ ಅವಳನ್ನು ನೋಡಿದ. 'ಬೇಡ... ದಯವಿಟ್ಟು ಹೇಳ್ಬೇಡ...' ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಏನಯ್ಯಾ, ಗಾಡಿ ಹೆಂಗಿದೆ? ನಾವು ಇಟ್ಕೊಳ್ಳೋದು ಅಂತಾನೇ ಇದೀವಿ," ಎಂದರು ಅಪ್ಪ ಉತ್ಸಾಹದಿಂದ.

"ತಗೋಬೇಡಿ ಸಾರ್."

"ಅಯ್ಯೋ! ಮಾರೋನೇ ಬೇಡ ಅಂತೀಯಲ್ಲಪ್ಪಾ!"

"ಇಷ್ಟು ಜನ ಓಡಾಡೋ ಮನೇಲಿ ಇಷ್ಟೇ ಧೂಳಾ? ನಿಮ್ಮನೆ ಗುಡಿಸ್ತಾ ಇರೋದು ಇದಲ್ಲ ಸಾರ್. ಇದು ಗುಡಿಸಿದ ನೆಲದ ಮೇಲೆ ಮೆರವಣಿಗೆ ಹೋಗ್ತಾ ಇದೆ ಅಷ್ಟೇ."

ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು.

"ಅಕ್ಕಾ! ಮೋಸ ಮಾಡಿದ್ಯಾ?" ಎಂದ ತಮ್ಮ.

ಮೋಸ! ಮನೆ ಗುಡಿಸಿದವಳ ಮೇಲೆ ಮೋಸದ ಆರೋಪ! ಅವಳು ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಬೇಡಪ್ಪ ಹಿಂದೆಯೇ ಓಡಿ ಬಂದ. ಬೀದಿ ದೀಪದ ಕಂಬದ ಬಳಿ ಅವಳು ಗಿರಕ್ಕನೆ ತಿರುಗಿದಳು.

"ನಿಮ್ಮನ್ನ ನಂಬಿ ಹೇಳ್ಕೊಂಡೆ... ನನ್ನ ಮನಸ್ಸಲ್ಲಿದ್ದಿದ್ದನ್ನೆಲ್ಲ ಹೇಳ್ಕೊಂಡೆ! ಇದ್ದಿದ್ದು ಒಂದೇ ದಾರಿ. ಅದಕ್ಕೂ ಕಲ್ಲು ಹಾಕಿದ್ರಲ್ಲ!"

"ಮೇಡಂ, ಒಂದ್ನಿಮಿಷ..."

"ನಾನು ಹೋಗೋದು ನಿಮಗೆ ಇಷ್ಟ ಇಲ್ಲ, ಅಲ್ವಾ? ಇಲ್ಲೇ ಬಿದ್ದಿರಲಿ, ದಿನಾ ಸಂಜೆ ಫೋನಲ್ಲಿ ಮಾತಾಡ್ಕೊಂಡಿರಲಿ ಅಂತ! ನೀವೂ ಅವರ ಥರಾನೇ. ಎಲ್ಲಾ ಗಂಡಸ್ರೂ ಒಂದೇ!"

ಅವನ ಮುಖ ಬಾಡಿತು. ಆದರೂ ದನಿ ಏರಿಸಲಿಲ್ಲ.

"ನೀವು ಬಸ್ ಹತ್ತಿದ ದಿನಾನೇ ಅದು ಸಾಕ್ಸ್ ನುಂಗಿ ನಿಲ್ಲುತ್ತೆ. ಆಗ ಯಾರು ಬಗ್ತಾರೆ? ನಿಮ್ಮಮ್ಮ. ಬೆನ್ನು ಹೋಗುತ್ತೆ. ನಿಮಗೆ ಫೋನ್ ಬರುತ್ತೆ. ನೀವು ಅರ್ಧಕ್ಕೇ ಬಿಟ್ಟು ಓಡಿ ಬರ್ತೀರಿ, ಜೀವನ ಪೂರ್ತಿ ಮತ್ತೆ ಹೋಗಲ್ಲ. ಅದು ದಾರಿ ಅಲ್ಲ ಮೇಡಂ... ಬಲೆ."

ಅವಳು ಕಂಬಕ್ಕೆ ಒರಗಿದಳು.

"ಟ್ರಯಲ್ ಇನ್ನೂ ಮುಗಿದಿಲ್ಲ. ನಾಳೆ ಒಂದು ದಿನ ಪೊರಕೆ ಮುಟ್ಟಬೇಡಿ. ಒಂದು ಸಾಕ್ಸೂ ಎತ್ತಬೇಡಿ. ಸುಮ್ನೆ ಕೂತ್ಕೊಳ್ಳಿ. ಏನಾಗುತ್ತೆ ನೋಡಿ."

"ಸುಮ್ನೆ ಕೂರೋಕೆ ನಂಗೆ ಬರಲ್ಲ!" ಎಂದಳು. ಹೇಳಿದ ಮೇಲೆ ಆ ಮಾತು ತನಗೇ ಹೆದರಿಕೆ ಹುಟ್ಟಿಸಿತು.

"ನನ್ನ ಮಂಡಿಗೆ ಬಗ್ಗೋದು ಹೇಳಿಕೊಟ್ಟೋರು ನೀವು," ಎಂದ ಅವನು ಮೆಲ್ಲಗೆ. "ಕೂರೋದನ್ನ ನೀವೂ ಕಲೀಬಹುದು."

*

ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ಅವಳು ನಡುಮನೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಳು. ಮುಷ್ಕರ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೆ ಅದು ಮುಷ್ಕರವೇ.

ಅಯ್ಯೋ, ಎಷ್ಟು ಕಷ್ಟ! ಬಾಗಿಲ ಬಳಿ ಒಂದು ಕಾಗದದ ಚೂರು ಹಾರುತ್ತಿತ್ತು. ಅವಳ ಕಾಲ್ಬೆರಳು ಮಿಡುಕಿದವು. ತಮ್ಮ ಬಿಸ್ಕತ್ತು ತಿಂದು ಕೈ ಕೊಡವಿದ. ಅವಳ ಕುತ್ತಿಗೆಯ ನರ ಬಿಗಿಯಿತು. ಕೈಗಳು ತಾವೇ ಎದ್ದು ಹೋಗುತ್ತವೋ ಎಂದು ಎರಡನ್ನೂ ತೊಡೆಯಡಿ ಒತ್ತಿಟ್ಟುಕೊಂಡಳು.

'ಕೂರು ಬುಗುರೀ... ಕೂರು...'

ಚಿಕ್ಕ ಬುಗುರಿ ಹೊರಟಿತು. ಪೇಪರಿಗೆ ಹಾಯಿತು, ಹಿಂದೆ ಸರಿಯಿತು, ಕೊನೆಗೆ ಅಪ್ಪನ ಕುರ್ಚಿಯಡಿ ಚಾರ್ಜರಿನ ವೈರಿಗೆ ಸಿಕ್ಕಿ ಕೀಂ ಕೀಂ ಎಂದು ಕೂಗತೊಡಗಿತು.

ಅಪ್ಪ ಅಭ್ಯಾಸದಂತೆ ಎರಡೂ ಕಾಲೆತ್ತಿದರು. "ಬುಗುರೀ, ನೋಡೇ."

ಅವಳು ಕದಲಲಿಲ್ಲ.

ಕೀಂ ಕೀಂ ನಿಲ್ಲಲಿಲ್ಲ. ಅಪ್ಪ ಬಗ್ಗಿ ನೋಡಿದರು. "ಅಯ್ಯೋ ಪಾಪ! ಸಿಕ್ಹಾಕ್ಕೊಂಡಿದೆ ಕಣೋ, ಎಳೆದಾಡ್ತಾ ಇದೆ..." ಎನ್ನುತ್ತ ಕುರ್ಚಿ ಬಿಟ್ಟೆದ್ದರು. ಎದ್ದರು! ನೆಲದ ಮೇಲೆ ಮಂಡಿಯೂರಿದರು! "ರಿವರ್ಸ್ ಬಾ... ಬಾ ಬಾ... ರೈಟ್ ರೈಟ್... ಹೋಲ್ಡಾನ್! ಲೋ, ಆ ವೈರ್ ತೆಗಿಯೋ, ಗಾಡಿ ಸುಟ್ಟುಹೋದೀತು!"

ತಮ್ಮ ಹಾರಿ ಬಂದು ವೈರು ಸುತ್ತಿದ. "ಸಾಕ್ಸೂ ತೆಗೀತೀನಿ ತಡಿ, ಅಲ್ಲೂ ಸಿಕ್ಕೊಳ್ಳುತ್ತೆ ಪಾಪ!" ಎಂದು ಒಂದಲ್ಲ, ಮನೆಯಲ್ಲಿದ್ದ ಅಷ್ಟೂ ಸಾಕ್ಸುಗಳನ್ನು ಬಾಚಿ ಎತ್ತಿದ. ಡಂಬೆಲ್ಲು ಮೂಲೆಗೆ ಹೋಯಿತು. ಅಪ್ಪನ ಪೇಪರಿನ ರಾಶಿ ಕಪಾಟು ಸೇರಿತು.

ಅವಳು ನೋಡುತ್ತಲೇ ಇದ್ದಳು. ಮೊದಲು ನಗು ಬಂತು. ಆಮೇಲೆ ಸಿಟ್ಟು ಉಕ್ಕಿತು.

"ಪಾಪಾನಾ?"

ಅಪ್ಪ ನೆಲದಿಂದಲೇ ತಲೆಯೆತ್ತಿದರು.

"ಅದಕ್ಕೆ ಪಾಪಾನಾ ಅಪ್ಪಾ? ಅಮ್ಮ ಇದೇ ಕುರ್ಚಿ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಮುರ್ಕೊಂಡ್ಳಲ್ಲ... ಆಗ ಒಂದಿನ ಪಾಪ ಅಂದ್ರಾ? ಕಾಲೆತ್ತಿದ್ರಿ! ನಾನು ಕ್ಲಿನಿಕ್ಕಿಂದ ಬಂದು ಇವನ ಸಾಕ್ಸ್ ಹೆಕ್ಕಿದ್ನಲ್ಲ, ನಾನು ಸುಟ್ಟುಹೋಗಲ್ವಾ? ನಂಗೆ ಕೀಂ ಕೀಂ ಅನ್ನೋಕೆ ಬರಲ್ಲ ಅಂತ ತಾನೇ? ಒಂದು ಡಬ್ಬಿಗೆ ಮಂಡಿ ಊರ್ತೀರಿ... ನಮಗೆ ಎರಡು ಪಾದ ಎತ್ತಿದ್ದೇ ದೊಡ್ಡ ಉಪಕಾರ!"

ಯಂತ್ರ ಮಾತ್ರ ತನ್ನ ಪಾಡಿಗೆ ಗೋಡೆ ಸವರುತ್ತಿತ್ತು.

ಅಪ್ಪ ಏಳಲು ಹೋದರು, ಆಗಲಿಲ್ಲ. ಅವರ ಕಣ್ಣು ಮೊದಲ ಸಲ ಆ ಎತ್ತರದಿಂದ, ನೆಲದ ಎತ್ತರದಿಂದ, ತಾವು ಕೂರುವ ಕುರ್ಚಿಯನ್ನು ನೋಡಿತು.

ಗೋಡೆಗೆ ಒರಗಿ ನಿಂತಿದ್ದ ಅಮ್ಮ ಆಗ ಬಾಯಿ ಬಿಟ್ಟಳು. ಏರದ, ಇಳಿಯದ ದನಿ.

"ಆ ಮಷೀನು ವಾಪಸ್ ಕೊಟ್ಟು ಬಾ ಮಗಳೇ."

"ಅಮ್ಮಾ..."

"ಬಗ್ಗೋಕೆ ಬರಲ್ವೇನೋ ಇವರಿಗೆ ಅಂದ್ಕೊಂಡಿದ್ದೆ ಇಷ್ಟು ದಿನ. ಬರುತ್ತೆ! ಕಣ್ಣಾರೆ ನೋಡಿದ್ನಲ್ಲ. ಇನ್ನು ಡಬ್ಬಿ ಯಾಕೆ? ಪೊರಕೆ ಇದೆ, ಎರಡು ಗಂಡಾಳು ಇದಾರೆ." ಅಮ್ಮ ಮಗನ ಕಡೆ ತಿರುಗಿದಳು. "ನಾಳೆಯಿಂದ ನೀನು ಗುಡ್ಸು. ನಿಮ್ಮಪ್ಪ ಒರೆಸ್ತಾರೆ. ನಾನು ಕುರ್ಚಿ ಮೇಲೆ ಕೂತು ಕಾಲೆತ್ತುತ್ತೀನಿ."

ತಮ್ಮ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದರು.

"ನೀನು ಹೋಗು," ಎಂದಳು ಅಮ್ಮ. "ಮುರಿದ ಬೆನ್ನಿನೋರನ್ನ ಎಬ್ಬಿಸೋದು ಕಲಿ. ಅರ್ಧಕ್ಕೆ ಬಂದ್ರೆ ಬಾಗಿಲು ತೆಗಿಯಲ್ಲ ನೋಡು."

ಅಪ್ಪ ಮತ್ತೆ ಏಳಲು ಒದ್ದಾಡಿದರು. ಅವಳಿಗೆ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಕೈ ಕೊಟ್ಟಳು.

"ಬಲಗಾಲು ಮೊದಲು ಅಪ್ಪಾ. ತೊಡೆಗೆ ಕೈ ಕೊಡಿ... ಹಾಂ. ಹಾಗೆ. ದಿನಾ ಬಗ್ಗಿದ್ರೆ ಮಂಡಿ ಸಡಿಲ ಆಗುತ್ತೆ."

ಅಪ್ಪ ಎದ್ದು ನಿಂತರು. ಅವಳ ಕೈ ಬಿಡದೆ, ಅವಳ ಕಡೆ ನೋಡದೆ, "ಒರೆಸೋ ಬಟ್ಟೆ ಎಲ್ಲಿರುತ್ತೆ?" ಎಂದರು.

*

ತರಬೇತಿಗೆ ಹೋಗುತ್ತೇನೆಂದು ಸೋಮವಾರ ಬೆಳಿಗ್ಗೆಯೇ ಡಾಕ್ಟರಮ್ಮನಿಗೆ ಹೇಳಿ, ಯಂತ್ರದ ಪೆಟ್ಟಿಗೆ ಹೊತ್ತು ಅವಳು ಅಂಗಡಿಗೆ ಹೋದಳು. ಬೇಡಪ್ಪ ಇರಲಿಲ್ಲ, ಯಾರದೋ ಮನೆಗೆ ರಿಪೇರಿಗೆ ಹೋಗಿದ್ದ.

"ಕೊನೆಗೂ ಬೇಡ ಅಂದ್ರಾ? ಅವನನ್ನ ಬಾಗಿಲಲ್ಲಿ ನಿಲ್ಲಿಸಿದ್ರೆ ಅಂಗಡಿ ಮುಚ್ಚೋದೇ ಸರಿ," ಎಂದು ಗೊಣಗಿದ ಮ್ಯಾನೇಜರು.

"ಸರಿಯಾಗೇ ಹೇಳಿದ್ರು," ಎಂದಳು. ಕಣ್ಣು ಯಾಕೋ ಒದ್ದೆಯಾಯಿತು. ಕಂಬದ ಬಳಿ ಆಡಿದ ಮಾತುಗಳು ಎದೆಯಲ್ಲಿ ಮುಳ್ಳಾಡುತ್ತಿದ್ದವು. ನೀವೂ ಅವರ ಥರಾನೇ ಎಂದುಬಿಟ್ಟಿದ್ದಳಲ್ಲ! ಫೋನು ಹಿಡಿದಳು, ಇಟ್ಟಳು. ಹಿಡಿದಳು, ಇಟ್ಟಳು. ಹೊರಡುವ ದಿನದವರೆಗೂ ಅದೇ ಆಯಿತು. ಕೊನೆಗೆ, ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದಷ್ಟೇ ಸಂದೇಶ ಕಳಿಸಿದಳು. ಉತ್ತರ ಬರಲಿಲ್ಲ.

ಹೊರಡುವ ದಿನ ನಡುಮನೆಯಲ್ಲಿ ತಮ್ಮ ಪೊರಕೆ ಹಿಡಿದು ಧೂಳನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಿಸುತ್ತಿದ್ದ. "ಅಲ್ಲಿ ಬಿಟ್ಟೆ ನೋಡು," ಎಂದಳು ಅಮ್ಮ ಕುರ್ಚಿಯಿಂದ, ಎರಡೂ ಕಾಲೆತ್ತಿ. ಮೂಲೆಯಲ್ಲಿ ಕಸ ಉಳಿದಿತ್ತು. ಅವಳ ಕೈ ಮಿಡುಕಿತು. ಕೈಗೆ ಬ್ಯಾಗು ಕೊಟ್ಟು ಹೊರಟಳು.

ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕೂತವಳ ಕಣ್ಣು ಜನರ ನಡುವೆ ಹುಡುಕುತ್ತಿತ್ತು. 'ಬರಲ್ಲ. ಯಾಕೆ ಬರ್ತಾನೆ?'

"ಇಲ್ಲಿ ಯಾರಾದ್ರೂ ಕೂತಿದಾರಾ?"

ಅವನು! ಕೈಯಲ್ಲಿ ರಿಪೇರಿಯ ಚೀಲ, ಹಣೆಯಲ್ಲಿ ಬೆವರು. "ಉತ್ತರ ಬರೆಯೋಕೆ ಗೊತ್ತಾಗ್ಲಿಲ್ಲ. ಅದಕ್ಕೇ ಬಂದುಬಿಟ್ಟೆ," ಎಂದು ಪಕ್ಕದಲ್ಲಿ ಕೂತ.

ಅವಳು ಬ್ಯಾಗನ್ನು ಕಾಲ ಬಳಿಗೆ ಸರಿಸಿಕೊಂಡಳು.

ಆ ಕಡೆಯಿಂದ ನಿಲ್ದಾಣದ ಕಸ ಗುಡಿಸುವ ಹೆಂಗಸು ಬಗ್ಗಿಕೊಂಡು ಬರುತ್ತಿದ್ದಳು. ಬೆಂಚುಗಳಲ್ಲಿ ಕೂತವರ ಕಾಲುಗಳು ಒಂದಾದ ಮೇಲೊಂದು ಗಾಳಿಯಲ್ಲಿ ಏಳುತ್ತ ಬಂದವು.

ಅವನು ಎದ್ದ. ಅವಳ ಬ್ಯಾಗನ್ನೂ ತನ್ನ ಚೀಲವನ್ನೂ ಎತ್ತಿ ಬದಿಗಿಟ್ಟ. ಬೆಂಚಿನಡಿ ಯಾರೋ ಎಸೆದಿದ್ದ ಕಾಗದದ ಕಪ್ಪುಗಳನ್ನು ಬಗ್ಗಿ ಹೆಕ್ಕಿ ಆ ಹೆಂಗಸಿನ ಬುಟ್ಟಿಗೆ ಹಾಕಿದ. ಬಲಗಾಲು ಮುಂದಿಟ್ಟು, ತೊಡೆಗೆ ಕೈಕೊಟ್ಟು, ಸದ್ದಿಲ್ಲದೆ ಎದ್ದ. ಯಾರಿಗೂ ತೋರಿಸಲಿಕ್ಕಲ್ಲ. ಹಾಗೆ ಮಾಡಿದ್ದು ಅವನಿಗೆ ನೆನಪೂ ಉಳಿಯಲಿಲ್ಲ, ಮತ್ತೆ ಬಂದು ಕೂತು, "ಬಸ್ ಲೇಟಂತೆ," ಎಂದ.

ಅವಳ ಕಣ್ಣಿಂದ ಹನಿ ಉರುಳಿತು.

"ಅಯ್ಯೋ! ಏನಾಯ್ತು?"

"ನಿಮ್ಮನ್ನ ಅವರ ಥರಾನೇ ಅಂದೆ. ತಪ್ಪಾಯ್ತು ರೀ..."

"ಬೇಡ, ಬಿಡಿ ಆ ಮಾತು."

"ನೋಡಿ, ಮತ್ತೆ ಬೇಡ!" ಅಳುವಿನ ನಡುವೆಯೇ ನಕ್ಕಳು. "ನಿಮಗೆ ನಾನಿಟ್ಟಿರೋ ಹೆಸರು ಗೊತ್ತಾ? ಬೇಡಪ್ಪ."

"ಸರಿಯಾಗೇ ಇದೆ," ಎಂದು ಅವನೂ ನಕ್ಕ.

ಕೊನೆಗೂ ದೂರದಲ್ಲಿ ಅವಳ ಬಸ್ಸು ಕಾಣಿಸಿತು. ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎಲ್ಲಾದಕ್ಕೂ ಬೇಡ ಅಂತೀರಿ... ನಾನು ಹೋಗೋದು ಬೇಡ ಅಂತ ಒಂದು ಸಲಾನೂ ಅನ್ನಲಿಲ್ಲ."

"ಯಾಕೆ ಅನ್ನಲಿ? ಹೋಗಿ ಬನ್ನಿ. ಮುಗಿಸಿಕೊಂಡೇ ಬನ್ನಿ. ವಾರಕ್ಕೊಂದು ರಜ ನನಗೂ ಇದೆ, ಬಸ್ಸೂ ಇದೆ. ನೀವು ಬಾ ಅಂದ್ರೆ..."

"ನಿಮ್ಮನೇಲಿ ಯಾರು ಗುಡಿಸ್ತಾರೆ?"

ಅವನು ಕಕ್ಕಾಬಿಕ್ಕಿಯಾದ. "ನಾನೇ. ಇರೋನು ಒಬ್ಬನೇ ಅಲ್ವಾ? ಮೂಲೆಗಳು ಮಾತ್ರ ಇನ್ನೂ ಸರಿಯಾಗಿ ಬರಲ್ಲ."

"ಮೂಲೆ ಗುಡಿಸೋದು ನಾನು ಹೇಳಿಕೊಡಲ್ಲ. ನೀವೇ ಕಲೀಬೇಕು."

"ಕಲೀತೀನಿ."

ಬಸ್ಸು ಬಂದು ನಿಂತಿತು. ಜನ ಎದ್ದರು, ಬ್ಯಾಗುಗಳು ಎದ್ದವು. ಅವಳು ಏಳಲಿಲ್ಲ. ಕೈಗಳೆರಡೂ ತೊಡೆಯ ಮೇಲೆ ಸುಮ್ಮನಿದ್ದವು. ಯಾವ ಧೂಳನ್ನೂ ಒರೆಸದೆ.

"ಒಂದೇ ಒಂದು ಕೇಳ್ತೀನಿ," ಎಂದಳು. "ಬೇಡ ಅನ್ನೋ ಹಾಗಿದ್ರೆ ಈಗಲೇ ಅಂದುಬಿಡಿ... ನಾನು ನಿಮಗೆ..."

"ಬೇಕು," ಎಂದ ಅವನು.

"ಪೂರ್ತಿ ಕೇಳಿಸ್ಕೊಳ್ಳಿ ರೀ!"

"ಪೂರ್ತಿ ಕೇಳಿದ ಮೇಲೂ ಅದೇ ಹೇಳ್ತೀನಿ. ನೀವು ಬೇಕು."